ಡಿರಾಕ್ ಸಮುದ್ರ ಬತ್ತಿಹೋಯಿತೇ?

ಪ್ರಶ್ನೆ: ನಾನು ಶಿರಸಿ ಹತ್ತಿರದ ಅಡಿಕೆ ಬೆಳೆಗಾರ. ಎಂಬತ್ತರ ದಶಕದಲ್ಲಿ ಕಾರವಾರದಲ್ಲಿ ಬಿ.ಎಸ್ಸಿ. ಓದಿದವ. ನಿರ್ವಾತ ಅಂದರೆ ಖಾಲಿ ಅಲ್ಲ, ಋಣ ಶಕ್ತಿಯ ಎಲೆಕ್ಟ್ರಾನ್‌ಗಳು ತುಂಬಿದ ಸಮುದ್ರ ಎಂದು ನಮಗೆ ಆಗ ಪಾಠ ಆಗಿತ್ತು. ಈಗ ಮಗಳು ಎಂ.ಎಸ್ಸಿ. ಓದುತ್ತಿದ್ದಾಳೆ. "ಅಪ್ಪಾ, ಅದೆಲ್ಲ ಹಳೇ ಕಥೆ" ಎನ್ನುತ್ತಾಳೆ. ಈಥರ್, ಡಿರಾಕ್ ಸಮುದ್ರ, ಶೂನ್ಯಬಿಂದು ಶಕ್ತಿ, ಈ ಹಳೇ ಮಾದರಿಗಳಲ್ಲಿ ಯಾವುದಾದರೂ ಈಗಲೂ ನಡೆಯುತ್ತದೆಯೇ? ಇನ್ನೊಂದು ಮಾತು. ಮೊನ್ನೆ ಒಬ್ಬರು ಮನೆಗೆ ಬಂದು, ನಿರ್ವಾತದಿಂದ ಶಕ್ತಿ ಎಳೆಯುವ ಯಂತ್ರ ಬರ್ತಾ ಇದೆ, ತೋಟದ ಪಂಪಿಗೆ ಕರೆಂಟೇ ಬೇಡ, ಈಗಲೇ ಮುಂಗಡ ಕೊಡಿ ಎಂದರು. ಕೊಡಬಹುದಾ?

ಉತ್ತರ: ಮುಂಗಡ ಕೊಡಬೇಡಿ. ಅದು ಮೊದಲು. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಅದಕ್ಕೂ ನಿಮ್ಮ ಮೊದಲ ಪ್ರಶ್ನೆಗೂ ನಂಟಿದೆ.

ಅಪ್ಪ-ಮಗಳ ವಾದದಲ್ಲಿ ಮುಕ್ಕಾಲು ಪಾಲು ಮಗಳೇ ಸರಿ. ಆದರೆ ಸ್ವಾರಸ್ಯ ಇರುವುದು ಉಳಿದ ಕಾಲು ಪಾಲಿನಲ್ಲಿ. ಕಾರವಾರದಲ್ಲಿ ಭೌತಶಾಸ್ತ್ರ ಕಲಿಸುತ್ತಾ ನಾನೂ ಎಷ್ಟೋ ವರ್ಷ ಇದೇ ಸಮುದ್ರದ ಪಾಠ ಮಾಡಿದ್ದೇನೆ. ಹಾಗಾಗಿ ನಿಮ್ಮ ಪರವಾಗಿ ಸ್ವಲ್ಪ ವಕಾಲತ್ತು ಮಾಡುವ ಆಸೆಯೂ ಇದೆ.

ಹಳೇ ಮಾದರಿ ಬದುಕಿದೆಯಾ ಅಂತ ತಿಳಿಯಲು ನಾನು ನೋಡುವುದು ಒಂದೇ ವಿಷಯ. ಯಾವ ಒಂದು ಲೆಕ್ಕಕ್ಕಾಗಿ ಅದು ಹುಟ್ಟಿತೋ, ಅದರಾಚೆಯ ಲೆಕ್ಕಕ್ಕೂ ಅದು ಒದಗುತ್ತದಾ? ಒದಗದೆ ಇದ್ದರೆ ಎಲ್ಲಿ ಕೈಕೊಡುತ್ತದೆ?

ಈಥರ್ ವಿಷಯ ಬೇಗ ಮುಗಿಸೋಣ. ಬೆಳಕಿನ ಅಲೆಗಳನ್ನು ಹೊತ್ತೊಯ್ಯಲು ಜಗತ್ತಿನ ತುಂಬಾ ಇದೆ ಎಂದು ಹಿಂದೆ ನಂಬಿದ್ದ ವಸ್ತು ಅದು. ಅಂಕೋಲಾದಿಂದ ಬೈಕಿನಲ್ಲಿ ಬರುವಾಗ ಗಾಳಿ ಇಲ್ಲದ ದಿನವೂ ಮುಖಕ್ಕೆ ಗಾಳಿ ಹೊಡೆಯುತ್ತದೆ ಅಲ್ವಾ? ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ಓಡುತ್ತದೆ. ಈಥರ್ ಎಂಬ ವಸ್ತು ಇದ್ದಿದ್ದರೆ ಅದರ ಗಾಳಿಯೂ ಬೀಸಬೇಕಿತ್ತು. 1887ರಲ್ಲಿ ಮೈಕೆಲ್‌ಸನ್ ಮತ್ತು ಮಾರ್ಲಿ ಅಳೆದು ನೋಡಿದರು. ಅವರು ಎಣಿಸಿದ್ದ ಗಾಳಿ ಸಿಗಲಿಲ್ಲ. 1905ರಲ್ಲಿ ಐನ್‌ಸ್ಟೈನ್ ಅಂಥ ವಸ್ತುವಿನ ಅಗತ್ಯವೇ ಇಲ್ಲ ಎಂದರು. 1920ರಲ್ಲಿ ಲೈಡನ್‌ನ ಭಾಷಣದಲ್ಲಿ ಅವರೇ ಮತ್ತೆ ಈಥರ್ ಪದ ಬಳಸಿದ್ದುಂಟು. ಆದರೆ ಅದಕ್ಕೆ ಚಲನೆ ಎಂಬ ಗುಣ ಅಂಟಿಸುವಂತಿಲ್ಲ ಎಂಬ ಕರಾರಿನ ಮೇಲೆ. ಹೆಸರು ಉಳಿಯಿತು, ಆಸಾಮಿ ಬೇರೆ. ಹತ್ತೊಂಬತ್ತನೇ ಶತಮಾನದ ಈಥರ್ ಮುಗಿದ ಕಥೆ.

ಶೂನ್ಯಬಿಂದು ಶಕ್ತಿ ಹಾಗಲ್ಲ. 1911ರಲ್ಲಿ ಮ್ಯಾಕ್ಸ್ ಪ್ಲಾಂಕ್ ತಮ್ಮದೇ ಸಿದ್ಧಾಂತವನ್ನು ತಿದ್ದಲು ಹೋಗಿ ಒಂದು ಅರ್ಧವನ್ನು ಒಳಗೆ ತಂದರು. ಆಂದೋಲಕವನ್ನು, ಅಂದರೆ ಅತ್ತಿತ್ತ ಕಂಪಿಸುವ ವಸ್ತುವನ್ನು, ಎಷ್ಟೇ ತಣ್ಣಗೆ ಮಾಡಿದರೂ ಅರ್ಧ ಕ್ವಾಂಟಂ ಶಕ್ತಿ ಉಳಿದೇ ಉಳಿಯುತ್ತದೆ ಎಂದು. ಹಾಗೆ ತಿದ್ದಿದ ಸಿದ್ಧಾಂತ ಬಿದ್ದುಹೋಯಿತು, ಅರ್ಧ ಮಾತ್ರ ಉಳಿಯಿತು. 1913ರಲ್ಲಿ ಐನ್‌ಸ್ಟೈನ್ ಮತ್ತು ಸ್ಟರ್ನ್ ಅದನ್ನು ಬಳಸಿದರು. ಸ್ವಲ್ಪ ದಿನಕ್ಕೇ ಐನ್‌ಸ್ಟೈನ್‌ಗೆ ಅದರ ಮೇಲಿನ ನಂಬಿಕೆ ಹೋಯಿತು. ಕೊನೆಗೆ 1924ರಲ್ಲಿ ಮುಲಿಕನ್ ಎಂಬ ಅಮೆರಿಕದವರು ಬೋರಾನ್ ಮಾನಾಕ್ಸೈಡಿನ ಬೆಳಕಿನ ಗೆರೆಗಳಲ್ಲಿ ಅದನ್ನು ಹಿಡಿದರು. ಬೋರಾನ್‌ನಲ್ಲಿ ಎರಡು ತೂಕದ ಪರಮಾಣುಗಳಿವೆ. ಹಗುರದ್ದು ಬೇಗ ಕಂಪಿಸುತ್ತದೆ. ಎರಡರ ಗೆರೆಗಳ ನಡುವಿನ ವ್ಯತ್ಯಾಸ, ಆ ಅರ್ಧವನ್ನು ಸೇರಿಸಿದರೆ ಮಾತ್ರ ತಾಳೆಯಾಯಿತು. ದ್ರವ ಹೀಲಿಯಂ ಇನ್ನೂ ದೊಡ್ಡ ಸಾಕ್ಷಿ. ಸಾಮಾನ್ಯ ಒತ್ತಡದಲ್ಲಿ ಅದು ಯಾವತ್ತೂ ಗಟ್ಟಿಯಾಗುವುದಿಲ್ಲ. ಈ ಉಳಿಕೆ ಅಲುಗಾಟವೇ ಅದನ್ನು ಗಟ್ಟಿಯಾಗಲು ಬಿಡುವುದಿಲ್ಲ. ಸುಮಾರು 25 ವಾಯುಮಂಡಲದಷ್ಟು ಒತ್ತಿದರೆ ಮಾತ್ರ ಮಣಿಯುತ್ತದೆ.

ಅಂದರೆ ವಸ್ತುವಿನ ಒಳಗೆ ಶೂನ್ಯಬಿಂದು ಶಕ್ತಿ ಸತ್ಯ, ಅದರಲ್ಲಿ ವಾದವೇ ಇಲ್ಲ. ವಾದ ಇರುವುದು ವಸ್ತುವೇ ಇಲ್ಲದ ಜಾಗದ್ದು. 1916ರಲ್ಲಿ ನೆರ್ನ್‌ಸ್ಟ್ ಅಂಥ ಜಾಗದಲ್ಲೂ ಈ ಶಕ್ತಿ ತುಂಬಿದೆ ಎಂದರು. ಆ ಜಗಳ ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಈಗ ನಿಮ್ಮ ಸಮುದ್ರ. 1928ರಲ್ಲಿ ಡಿರಾಕ್ ಎಲೆಕ್ಟ್ರಾನಿಗಾಗಿ ಬರೆದ ಸಮೀಕರಣಕ್ಕೆ ಋಣ ಶಕ್ತಿಯ ಉತ್ತರಗಳೂ ಬಂದವು. ಹಾಗಾದರೆ ಪ್ರತಿ ಎಲೆಕ್ಟ್ರಾನೂ ಕೆಳಗೆ ಕೆಳಗೆ ಜಾರುತ್ತಾ ಹೋಗಬೇಕಿತ್ತು. ಜಾರುವುದಿಲ್ಲ ಯಾಕೆ? ಕೆಳಗಿನ ಜಾಗವೆಲ್ಲ ಮೊದಲೇ ಭರ್ತಿಯಾಗಿದೆ, ಒಂದು ಜಾಗದಲ್ಲಿ ಎರಡು ಎಲೆಕ್ಟ್ರಾನ್ ಕೂರುವಂತಿಲ್ಲ ಎಂದು ಡಿರಾಕ್ ಉತ್ತರ ಕೊಟ್ಟರು.

ಮದುವೆ ಮನೆಯ ಪಂಕ್ತಿ ನೆನೆಸಿಕೊಳ್ಳಿ. ಎಲೆ ಹಾಕಿದೆ, ಎಲ್ಲ ಎಲೆಗೂ ಜನ ಕೂತಿದ್ದಾರೆ. ಒಬ್ಬರಿಗೆ ಫೋನ್ ಬಂತು, ಎದ್ದು ಹೋದರು. ಪಕ್ಕದವರು ಆ ಖಾಲಿ ಎಲೆಗೆ ಸರಿದರು. ಅವರ ಎಲೆಗೆ ಅವರ ಪಕ್ಕದವರು. ಜನ ಎಡಕ್ಕೆ ಸರಿದಂತೆ ಖಾಲಿ ಎಲೆ ಬಲಕ್ಕೆ ಓಡಿತು. (ಬಡಿಸುವ ಮೊದಲಿನ ಮಾತು ಇದು. ಬಡಿಸಿದ ಮೇಲೆ ಹೀಗೆ ಸರಿದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಿಲ್ಲ.) ದೂರದಿಂದ ನೋಡುವವರಿಗೆ ಕಾಣುವುದು ಆ ಖಾಲಿ ಎಲೆಯ ಓಟ ಮಾತ್ರ. ಎಲೆಕ್ಟ್ರಾನ್ ಋಣ ವಿದ್ಯುತ್ತಿನದು, ಹಾಗಾಗಿ ಅದಿಲ್ಲದ ಜಾಗ ಧನ ವಿದ್ಯುತ್ತಿನ ಕಣದ ಹಾಗೆ ವರ್ತಿಸುತ್ತದೆ. ಡಿರಾಕ್ ಮೊದಲು ಇದನ್ನು ಪ್ರೋಟಾನ್ ಎಂದುಕೊಂಡರು. ಪ್ರೋಟಾನ್ ತುಂಬಾ ಭಾರ, ಲೆಕ್ಕ ಕೂಡುವುದಿಲ್ಲ ಎಂದು ಬೇರೆಯವರು ತೋರಿಸಿಕೊಟ್ಟರು. 1931ರಲ್ಲಿ ಡಿರಾಕ್ ಮಾತು ಬದಲಿಸಿ, ಇದು ಎಲೆಕ್ಟ್ರಾನಿನಷ್ಟೇ ತೂಕದ ಹೊಸ ಕಣ ಎಂದರು. ಮರುವರ್ಷವೇ ಕಾರ್ಲ್ ಆಂಡರ್ಸನ್, ಕಣ ಹೋದ ದಾರಿಯನ್ನು ತೋರಿಸುವ ಮೋಡದ ಪೆಟ್ಟಿಗೆಯಲ್ಲಿ ಆ ಕಣದ, ಅಂದರೆ ಪಾಸಿಟ್ರಾನಿನ, ಜಾಡು ಕಂಡರು. ಒಂದು ಮಾದರಿಗೆ ಇದಕ್ಕಿಂತ ದೊಡ್ಡ ಗೆಲುವು ಬೇಕಾ?

ಆದರೂ ಎರಡೇ ವರ್ಷಕ್ಕೆ ಅದಕ್ಕೆ ಪೆಟ್ಟು ಬಿತ್ತು. 1934ರಲ್ಲಿ ಪೌಲಿ ಮತ್ತು ವೈಸ್‌ಕಾಫ್ ಬೇರೆ ಜಾತಿಯ ಕಣಗಳನ್ನು ನೋಡಿದರು. ಅವೇ ಬೋಸಾನ್‌ಗಳು. ಇವಕ್ಕೆ ಪಂಕ್ತಿಯ ಶಿಸ್ತೇ ಇಲ್ಲ, ಒಂದೇ ಎಲೆಗೆ ಸಾವಿರ ಜನ ಕೂತರೂ ಸೈ. ಅಂಥ ಪಂಕ್ತಿ ಯಾವತ್ತಾದರೂ ಭರ್ತಿಯಾಗುತ್ತದಾ? ಆಗುವುದಿಲ್ಲ. ಭರ್ತಿಯಾಗದಿದ್ದರೆ ಸಮುದ್ರ ಇಲ್ಲ, ಸಮುದ್ರ ಇಲ್ಲದಿದ್ದರೆ ಖಾಲಿ ಎಲೆಯೂ ಇಲ್ಲ. ಆದರೂ ಆ ಕಣಗಳಿಗೂ ಪ್ರತಿಕಣಗಳು ಬರುತ್ತವೆ ಎಂದು ಅವರ ಲೆಕ್ಕ ತೋರಿಸಿತು. ಮುಂದೆ ನಿಜವಾಗಿಯೂ ಸಿಕ್ಕವು. ಧನ ಪಯಾನ್‌ಗೆ ಋಣ ಪಯಾನ್ ಇದೆಯಲ್ಲ, ಹಾಗೆ. ಅಂದರೆ ಪ್ರತಿಕಣ ಹುಟ್ಟಲು ಸಮುದ್ರ ಬೇಕೇ ಬೇಕು ಎಂಬ ಮಾತು ಬಿದ್ದುಹೋಯಿತು. ಆಮೇಲೆ ಬಂದ ಕ್ಷೇತ್ರ ಸಿದ್ಧಾಂತದಲ್ಲಿ ಎಲೆಕ್ಟ್ರಾನ್, ಪಾಸಿಟ್ರಾನ್ ಎರಡೂ ಒಂದೇ ಕ್ಷೇತ್ರದ ಎರಡು ಕಂಪನಗಳು. ಅಲ್ಲಿ ನಿರ್ವಾತ ಅಂದರೆ ಆ ಕ್ಷೇತ್ರದ ಅತಿ ಕೆಳಗಿನ ಸ್ಥಿತಿ, ಅಷ್ಟೇ. ನಿಮ್ಮ ಮಗಳು ಹೇಳುವುದು ಇದನ್ನೇ.

ಹಾಗಂತ ಸಮುದ್ರವನ್ನು ಗುಜರಿಗೆ ಹಾಕಲಿಲ್ಲ. ನಿಮ್ಮ ಕೈಯಲ್ಲಿರುವ ಫೋನಿನ ಚಿಪ್ಪಿನೊಳಗೆ ಓಡುವ 'ಹೋಲ್' ಇದೇ ಖಾಲಿ ಎಲೆ. ಅಲ್ಲಿ ಸಮುದ್ರ ಬರೀ ಕಲ್ಪನೆ ಅಲ್ಲ, ಸಿಲಿಕಾನ್ ಒಳಗೆ ನಿಜವಾಗಿಯೂ ಎಲೆಕ್ಟ್ರಾನ್ ತುಂಬಿದ ಶಕ್ತಿಯ ಪಟ್ಟಿ (ಬ್ಯಾಂಡ್) ಇದೆ. ಇನ್ನೂ ಒಂದು ಕಡೆ ಅದು ಕೆಲಸಕ್ಕೆ ಬರುತ್ತದೆ. ಮಗಳ ಪಠ್ಯದಲ್ಲಿ 'ಅನಾಮಲಿ' ಎಂಬ ಕಷ್ಟದ ಅಧ್ಯಾಯ ಬರಬಹುದು. ಹಳೇ ಭೌತಶಾಸ್ತ್ರದಲ್ಲಿ ಬದಲಾಗದೆ ಉಳಿಯುವ ಒಂದು ಮೊತ್ತ ಕ್ವಾಂಟಂ ಲೆಕ್ಕದಲ್ಲಿ ಉಳಿಯದೆ ಹೋಗುವ ವಿಷಯ ಅದು. ಅದನ್ನು ಹತ್ತು ನಿಮಿಷದಲ್ಲಿ ಅರ್ಥ ಮಾಡಿಸಲು ಡಿರಾಕ್ ಸಮುದ್ರಕ್ಕಿಂತ ಒಳ್ಳೆಯ ಚಿತ್ರ ನನಗೆ ಸಿಕ್ಕಿಲ್ಲ. ಸಮುದ್ರದ ಮಟ್ಟ ಒಂದು ಕಡೆ ಏರಿ ಇನ್ನೊಂದು ಕಡೆ ಇಳಿಯುವುದನ್ನು ಬಿಡಿಸಿ ತೋರಿಸಿದರೆ ಮುಗಿಯಿತು. ಸಮುದ್ರಕ್ಕೆ ಕೆಲಸದಿಂದ ನಿವೃತ್ತಿ ಆಗಿದೆ, ಪಿಂಚಣಿ ನಿಂತಿಲ್ಲ.

ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ಮಾದರಿ ಇದೆ. ಹಳೇ ನಿರ್ವಾತ ಮಾದರಿ ಇನ್ನೂ ನಡೆಯುತ್ತದೆ ಎಂದು ವಾದಿಸುವವರಲ್ಲಿ ಹೆಚ್ಚಿನವರು ನೆಚ್ಚಿಕೊಂಡಿರುವುದು ಅದನ್ನೇ, ಹಾಗಾಗಿ ಬಿಡುವಂತಿಲ್ಲ. ಸ್ಟೊಕಾಸ್ಟಿಕ್ ಎಲೆಕ್ಟ್ರೋಡೈನಮಿಕ್ಸ್ ಅಂತ ಹೆಸರು. 1960ರ ದಶಕದಲ್ಲಿ ಟ್ರೆವರ್ ಮಾರ್ಷಲ್, ಟಿಮತಿ ಬಾಯರ್ ಮುಂತಾದವರು ಬೆಳೆಸಿದ್ದು. ಕ್ವಾಂಟಂ ಬೇಡ, ಹಳೇ ಮ್ಯಾಕ್ಸ್‌ವೆಲ್ ಸಮೀಕರಣಗಳೇ ಸಾಕು, ಆದರೆ ಜಗತ್ತಿನ ತುಂಬಾ ಗೊತ್ತುಗುರಿಯಿಲ್ಲದ ಅಲೆಗಳ ಗಿಜಿಗಿಜಿ ಇದೆ ಎಂದು ಇಟ್ಟುಕೊಳ್ಳಿ, ಎನ್ನುತ್ತದೆ ಇದು. ನೆರ್ನ್‌ಸ್ಟ್ ಹೇಳಿದ್ದನ್ನೇ ಗಟ್ಟಿಯಾಗಿ ಹಿಡಿದ ಹಾಗೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಸಂಗತಿ ಇದೆ. ಈ ಅಲೆಗಳ ತೀವ್ರತೆ ಆವರ್ತನದ ಘನಕ್ಕೆ ತಕ್ಕಂತೆ ಏರುತ್ತದೆ. ಆವರ್ತನ ಎರಡು ಪಟ್ಟಾದರೆ ತೀವ್ರತೆ ಎಂಟು ಪಟ್ಟು. ಹೀಗೆ ಏರಿದರೆ ಮಾತ್ರ, ನೀವು ಒಂದೇ ವೇಗದಲ್ಲಿ ಎತ್ತ ಕಡೆ ಓಡಿದರೂ ಎದುರುಗಾಳಿ ಹತ್ತುವುದಿಲ್ಲ, ಎಲ್ಲ ದಿಕ್ಕಿನಿಂದಲೂ ಅಲೆಗಳು ಒಂದೇ ರೀತಿ ಕಾಣುತ್ತವೆ. ಬೇರೆ ಯಾವ ಲೆಕ್ಕದಲ್ಲಿ ಏರಿದರೂ ಗಾಳಿ ಹೊಡೆಯುತ್ತದೆ. ಈಥರ್ ಎಡವಿದ ಕಡೆಯೇ ಇದು ನಿಂತುಕೊಂಡಿತು! ಕಪ್ಪುಕಾಯದ ವಿಕಿರಣ (ಕಾದ ವಸ್ತು ಸೂಸುವ ಬೆಳಕು), ಅಣುಗಳ ನಡುವಿನ ಸೆಳೆತ, ಸರಳ ಆಂದೋಲಕ, ಇವಕ್ಕೆಲ್ಲ ಇದು ಸರಿಯಾದ ಉತ್ತರ ಕೊಟ್ಟಿತು.

ಕೈಕೊಟ್ಟಿದ್ದು ಹೈಡ್ರೋಜನ್‌ನಲ್ಲಿ. 2003ರಲ್ಲಿ ಕೋಲ್ ಮತ್ತು ಝೌ ಕಂಪ್ಯೂಟರಿನಲ್ಲಿ ನಡೆಸಿ ನೋಡಿದಾಗ ಪರಮಾಣು ನಿಂತ ಹಾಗೆ ಕಂಡಿತ್ತು. ಆದರೆ 2015ರಲ್ಲಿ ನ್ಯೂವೆನ್‌ಹೌಝೆನ್ ಮತ್ತು ಲಿಸ್ಕಾ ಹೆಚ್ಚು ಹೊತ್ತು ಓಡಿಸಿದಾಗ ಎಲೆಕ್ಟ್ರಾನ್ ಶಕ್ತಿ ಹೀರಿಕೊಂಡು ಪರಮಾಣು ಬಿಟ್ಟೇ ಹೋಯಿತು. ಹೈಡ್ರೋಜನ್ ತನ್ನಷ್ಟಕ್ಕೆ ಒಡೆದುಹೋಗುವ ಜಗತ್ತಿನಲ್ಲಿ ನೀರಿಲ್ಲ, ತೋಟವಿಲ್ಲ, ನಾವೂ ಇಲ್ಲ. ಜೊತೆಗೆ ಅದೇ 2015ರಲ್ಲಿ, ದೂರ ದೂರದ ಎರಡು ಕಣಗಳ ಅಳತೆಗಳ ನಡುವಿನ ನಂಟನ್ನು ಪರೀಕ್ಷಿಸುವ ಬೆಲ್ ಪರೀಕ್ಷೆಗಳು ದೊಡ್ಡ ಸಂದುಗಳನ್ನೆಲ್ಲ ಮುಚ್ಚಿ ನಡೆದವು. ಮೊದಲೇ ನಿಗದಿಯಾದ, ಅಲ್ಲಿಂದಲ್ಲಿಗೇ ಮುಗಿಯುವ ಅಲೆಗಳಿಂದ ಆ ಫಲಿತಾಂಶ ಹೊರಡಿಸಲು ಆಗುವುದಿಲ್ಲ. ನನ್ನ ಮಟ್ಟಿಗೆ ಈ ಮಾದರಿ ಒಳ್ಳೆಯ ಲೆಕ್ಕದ ಸಾಧನ. ಜಗತ್ತಿನ ವಿವರಣೆ ಅಲ್ಲ.

ಇಲ್ಲಿ ಯಾರಾದರೂ "ಹಾಗಾದರೆ ಕ್ಯಾಸಿಮಿರ್ ಬಲ?" ಎಂದು ಕೇಳಿಯೇ ಕೇಳುತ್ತಾರೆ. ನಿರ್ವಾತ ತುಂಬಿದೆ ಎನ್ನುವವರ ಕೊನೆಯ ತುರುಪಿನ ಎಲೆ ಅದು.

ಬೈತಖೋಲ ಬಂದರಿನಲ್ಲಿ ಬೋಟನ್ನು ದಕ್ಕೆಗೆ ಕಟ್ಟಿದ ಹಗ್ಗ ನೋಡಿದ್ದೀರಾ? ಎರಡೂ ತುದಿ ಬಿಗಿದಿದೆ. ನಡುವೆ ಅಲುಗಿಸಿದರೆ ಒಂದು ಉಬ್ಬು, ಎರಡು ಉಬ್ಬು, ಮೂರು ಉಬ್ಬು ಹೀಗೆ ಲೆಕ್ಕಕ್ಕೆ ಕೂಡುವ ಅಲೆಗಳು ಮಾತ್ರ ನಿಲ್ಲುತ್ತವೆ. ಎರಡು ಲೋಹದ ತಟ್ಟೆಗಳನ್ನು ತೀರಾ ಹತ್ತಿರ ಇಟ್ಟರೆ ನಡುವಿನ ಬೆಳಕಿನ ಅಲೆಗಳಿಗೂ ಇದೇ ಗತಿ. ಹೊರಗಡೆ ಎಲ್ಲ ಅಲೆಗಳಿಗೂ ಜಾಗ ಇದೆ, ಒಳಗೆ ಇಲ್ಲ. ಆದ್ದರಿಂದ ತಟ್ಟೆಗಳು ಒಂದನ್ನೊಂದು ಸೆಳೆಯುತ್ತವೆ ಎಂದು 1948ರಲ್ಲಿ ಹೆಂಡ್ರಿಕ್ ಕ್ಯಾಸಿಮಿರ್ ಲೆಕ್ಕ ಕೊಟ್ಟರು. ಒಂದು ಚದರ ಸೆಂಟಿಮೀಟರ್ ತಟ್ಟೆ, ನಡುವೆ ಮಿಲಿಮೀಟರಿನ ಸಾವಿರದ ಒಂದು ಪಾಲು ಅಂತರ ಇದ್ದರೆ, ಬಲ ಬರೀ 13 ಮೈಕ್ರೋಗ್ರಾಂ ತೂಕದಷ್ಟು. ಒಂದು ಅಕ್ಕಿ ಕಾಳಿನ ಸಾವಿರದ ಒಂದು ಪಾಲಿಗಿಂತ ಕಡಿಮೆ. 1997ರಲ್ಲಿ ಲಾಮೊರೊ ಅದನ್ನು ಚೆನ್ನಾಗಿಯೇ ಅಳೆದರು.

ಬಂದರು ಅಂದಾಗ ಒಂದು ಕಥೆ ನೆನಪಾಯಿತು. ಅಲೆ ಜೋರಿದ್ದಾಗ ಪಕ್ಕಪಕ್ಕ ನಿಂತ ಎರಡು ಹಡಗುಗಳು ಹೀಗೇ ಸೆಳೆದುಕೊಳ್ಳುತ್ತವೆ, 1836ರ ಫ್ರೆಂಚ್ ನಾವಿಕರ ಪುಸ್ತಕವೊಂದರಲ್ಲೇ ಅದು ಇದೆ ಎಂದು 1996ರಲ್ಲಿ ಒಂದು ಲೇಖನ ಬಂತು. ನಾನೂ ತರಗತಿಯಲ್ಲಿ ಸುಮಾರು ಸಲ ಹೇಳಿದ್ದೇನೆ. ಮೀನುಗಾರರ ಮನೆಯ ಹುಡುಗರು ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ಬೋಟಿನ ಪಕ್ಕಕ್ಕೆ ಹಳೇ ಟೈರು ಕಟ್ಟುವುದು ಅವರಿಗೆ ಗೊತ್ತಲ್ಲ. ಆಮೇಲೆ ಯಾರೋ ಆ ಪುಸ್ತಕ ತೆಗೆದು ನೋಡಿದರೆ ಅಲ್ಲಿ ಇದ್ದಿದ್ದು ಅಲೆಯೇ ಇಲ್ಲದ ಶಾಂತ ಸಮುದ್ರದ ಚಿತ್ರ! ಅಂದಿನಿಂದ ಆ ಕಥೆ ಬಿಟ್ಟಿದ್ದೇನೆ.

ಮೂಲ ಮಾತಿಗೆ ಬರೋಣ. ಕ್ಯಾಸಿಮಿರ್ ಮೊದಲು ಹೊರಟಿದ್ದು ನಿರ್ವಾತ ಹುಡುಕಲು ಅಲ್ಲ. ಫಿಲಿಪ್ಸ್ ಕಂಪನಿಯಲ್ಲಿದ್ದಾಗ ದ್ರವದಲ್ಲಿ ತೇಲುವ ಸಣ್ಣ ಕಣಗಳು ಯಾಕೆ ಅಂಟಿಕೊಳ್ಳುತ್ತವೆ ಎಂಬ ಪ್ರಶ್ನೆಯಿಂದ ಇದು ಶುರುವಾಯಿತು. ಅಣುಗಳ ನಡುವಿನ ಸೆಳೆತದ ಲೆಕ್ಕ ಅದು. ಒಮ್ಮೆ ಅಡ್ಡಾಡುವಾಗ ನೀಲ್ಸ್ ಬೋರ್ ಕಿವಿಗೆ ಹಾಕಿದರು. ಅವರು ಶೂನ್ಯಬಿಂದು ಶಕ್ತಿ ಇರಬೇಕು ಎಂದು ಏನೋ ಗೊಣಗಿದರಂತೆ. ಆ ದಾರಿ ಹಿಡಿದರೆ ಲೆಕ್ಕ ತುಂಬಾ ಸುಲಭವಾಯಿತು. ಆದರೆ 1950ರ ದಶಕದಲ್ಲಿ ಲಿಫ್‌ಷಿಟ್ಸ್ ತಟ್ಟೆಯೊಳಗಿನ ವಿದ್ಯುತ್ತಿನ ಅಲುಗಾಟ ಹಿಡಿದು ಲೆಕ್ಕ ಮಾಡಿದರೂ ಅದೇ ಬಲ ಬಂತು. ಷ್ವಿಂಗರ್ 1975ರಲ್ಲಿ ನಿರ್ವಾತದ ಶಕ್ತಿಯ ಹೆಸರೇ ಎತ್ತದೆ ಅದೇ ಉತ್ತರ ತೆಗೆದರು.

ನನಗೆ ಕಣ್ಣು ತೆರೆಸಿದ್ದು 2005ರಲ್ಲಿ ರಾಬರ್ಟ್ ಜಾಫೆ ಎತ್ತಿದ ಒಂದು ಸಣ್ಣ ಪ್ರಶ್ನೆ. ಕ್ಯಾಸಿಮಿರ್ ಸೂತ್ರದಲ್ಲಿ ಪ್ಲಾಂಕ್ ಸ್ಥಿರಾಂಕ, ಬೆಳಕಿನ ವೇಗ, ಅಂತರ ಇಷ್ಟೇ ಇವೆ. ಎಲೆಕ್ಟ್ರಾನಿನ ವಿದ್ಯುದಾವೇಶ ಇಲ್ಲವೇ ಇಲ್ಲ. ನೋಡಿದರೆ ತಟ್ಟೆಗೂ ಬಲಕ್ಕೂ ಸಂಬಂಧವೇ ಇಲ್ಲ, ಎಲ್ಲ ನಿರ್ವಾತದ್ದೇ ಮಹಿಮೆ ಅನಿಸುತ್ತದೆ. ಆದರೆ ಆ ಸೂತ್ರ ಪರಿಪೂರ್ಣ ಲೋಹಕ್ಕೆ ಮಾತ್ರ. ಆವೇಶವನ್ನು ಅಪಾರ ದೊಡ್ಡದು ಎಂದು ಇಟ್ಟುಕೊಂಡ ಹಾಗೆ ಅದು, ಹಾಗಾಗಿ ಸೂತ್ರದಲ್ಲಿ ಕಾಣದೆ ಅಡಗಿದೆ. ಆವೇಶವನ್ನು ನಿಧಾನಕ್ಕೆ ಸೊನ್ನೆಯ ಕಡೆ ಇಳಿಸಿ. ತಟ್ಟೆಗೆ ಬೆಳಕನ್ನು ತಡೆಯುವ ಶಕ್ತಿಯೇ ಹೋಗುತ್ತದೆ, ಬಲವೂ ಮಾಯವಾಗುತ್ತದೆ. ಅಂದರೆ ಇದು ಎರಡು ವಸ್ತುಗಳ ನಡುವಿನ ಬಲ, ಖಾಲಿ ಜಾಗದ ಶಕ್ತಿಗೆ ಸಾಕ್ಷಿ ಅಲ್ಲ. ಹಾಗಂತ ಶೂನ್ಯಬಿಂದು ಲೆಕ್ಕ ತಪ್ಪು ಅಂತಲೂ ಅಲ್ಲ. ಎರಡು ದಾರಿ, ಒಂದೇ ಊರು. ಕಾರವಾರದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತಿ ಬಂದರೂ ಆಯಿತು, ಯಲ್ಲಾಪುರ ಸುತ್ತಿ ಬಂದರೂ ಆಯಿತು.

'ನಿರ್ವಾತ ಕುದಿಯುತ್ತಿದೆ, ಕಣಗಳು ಹುಟ್ಟಿ ಸಾಯುತ್ತಿವೆ' ಎಂದು ವಿಡಿಯೋಗಳಲ್ಲಿ ತೋರಿಸುವ ಗುಳ್ಳೆಗಳ ಬಗ್ಗೆಯೂ ಒಂದು ಮಾತು. ನಿರ್ವಾತ ಸ್ಥಿರ ಸ್ಥಿತಿ, ಅಲ್ಲಿ ಹೊತ್ತು ಕಳೆದಂತೆ ಏನೂ ಬದಲಾಗುವುದಿಲ್ಲ. ಅಳೆಯಲು ಹೋದಾಗ ಉತ್ತರಗಳು ಚದುರಿ ಬರುತ್ತವೆ, ಅದು ನಿಜ. ಆದರೆ ಅದು ಅನ್ನದ ಪಾತ್ರೆಯ ಹಾಗೆ ಕೊತಕೊತ ಕುದಿಯುವುದಿಲ್ಲ. ಆ ಚಿತ್ರ ನೋಡಿದರೆ ನನಗೆ ಈಗೀಗ ಸಿಟ್ಟೇ ಬರುತ್ತದೆ.

ಪಂಪಿನ ಯಂತ್ರಕ್ಕೆ ಬರೋಣ. ಕಾಳಿ ನದಿ ನೋಡಿ. ಗಣೇಶಗುಡಿ ಹತ್ತಿರ ಸೂಪಾದಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು. ಆಮೇಲೆ ನಾಗಝರಿ, ಕೊಡಸಳ್ಳಿ, ಕದ್ರಾ. ಪ್ರತಿ ಕಡೆ ನೀರು ಕೆಳಗೆ ಬೀಳುತ್ತದೆ, ಕರೆಂಟು ಬರುತ್ತದೆ. ಕದ್ರಾ ದಾಟಿದ ಮೇಲೆ ಬೀಳಲು ಎತ್ತರವೇ ಉಳಿದಿಲ್ಲ. ಸದಾಶಿವಗಡದ ಬುಡದಲ್ಲಿ ನದಿ ಸಮುದ್ರ ಸೇರುವ ಕಡೆ ನೀರಿಗೇನು ಕಡಿಮೆಯೇ? ಆದರೂ ಅಲ್ಲಿ ಅಣೆಕಟ್ಟು ಕಟ್ಟಿ ಕರೆಂಟು ತೆಗೆಯುತ್ತೇನೆ ಎಂದರೆ ನೀವು ನಗುತ್ತೀರಿ. (ಭರತ-ಇಳಿತದ ಮಾತು ಬೇರೆ, ಅದರ ಬಿಲ್ಲು ಚಂದ್ರ, ಸೂರ್ಯ, ಭೂಮಿ ಸೇರಿ ಕಟ್ಟುತ್ತವೆ.) ನಿರ್ವಾತ ಅಂದರೆ ಆ ಸಮುದ್ರ ಮಟ್ಟ. ಅದಕ್ಕಿಂತ ಕೆಳಗೆ ಜಾಗವೇ ಇಲ್ಲ. ಆಳ ಎಷ್ಟಾದರೂ ಇರಲಿ, ಇಳಿಜಾರು ಇಲ್ಲದೆ ಟರ್ಬೈನ್ ತಿರುಗುವುದಿಲ್ಲ.

ಕ್ಯಾಸಿಮಿರ್ ತಟ್ಟೆಗಳು ಹತ್ತಿರ ಬರುವಾಗ ಸ್ವಲ್ಪ ಶಕ್ತಿ ಸಿಗುತ್ತದಲ್ಲ ಎಂದು ಆ ಮಾರಾಟಗಾರರು ಕೇಳಬಹುದು. ಸಿಗುತ್ತದೆ, ಒಂದು ಸಲ. ಬಾವಿಗೆ ಕೊಡ ಬಿಟ್ಟಾಗ ರಾಟೆ ತಿರುಗಿದ ಹಾಗೆ. ಮತ್ತೆ ತಿರುಗಬೇಕಾದರೆ ಕೊಡ ಮೇಲೆತ್ತಬೇಕು, ಎತ್ತುವವರು ನೀವು. 2011ರಲ್ಲಿ ಸ್ವೀಡನ್ನಿನ ಚಾಲ್ಮರ್ಸ್ ವಿಶ್ವವಿದ್ಯಾಲಯದಲ್ಲಿ ನಿರ್ವಾತದಿಂದ ನಿಜವಾಗಿಯೂ ಫೋಟಾನ್‌ಗಳನ್ನು ಹೊರಡಿಸಿದರು, ಅದನ್ನೂ ಅವರು ತೋರಿಸಬಹುದು. ಅಲ್ಲಿ ವಿದ್ಯುತ್ ಮಂಡಲವೊಂದು ಕನ್ನಡಿಯ ಪಾತ್ರ ವಹಿಸಿತ್ತು. ಆ ಕನ್ನಡಿಯನ್ನು ಸೆಕೆಂಡಿಗೆ ನೂರಾರು ಕೋಟಿ ಸಲ ಅಲುಗಿಸಲು ಹೊರಗಿನಿಂದ ಶಕ್ತಿ ಕೊಟ್ಟಿದ್ದರು. ಬಂದ ಫೋಟಾನ್‌ಗಳ ಶಕ್ತಿಯೆಲ್ಲ ಆ ಖರ್ಚಿನಿಂದಲೇ ಬಂದಿದ್ದು.

ಈಗ ಉಳಿದ ಕಾಲು ಪಾಲು. ಸಮುದ್ರದ ಆಳ ಟರ್ಬೈನಿಗೆ ಬೇಕಿಲ್ಲ, ನಿಜ. ಪ್ರಯೋಗಶಾಲೆಯಲ್ಲಿ ನಾವು ಅಳೆಯುವುದೆಲ್ಲ ಶಕ್ತಿಯ ವ್ಯತ್ಯಾಸವನ್ನೇ. ಆದರೆ ಗುರುತ್ವಕ್ಕೆ ಆಳವೂ ಲೆಕ್ಕಕ್ಕೆ ಬರುತ್ತದೆ. ಐನ್‌ಸ್ಟೈನ್ ಸಿದ್ಧಾಂತದಲ್ಲಿ ಶಕ್ತಿ ಇದ್ದರೆ ಸಾಕು, ಜಾಗ ಬಾಗಲೇಬೇಕು. ನೆರ್ನ್‌ಸ್ಟ್ ಹೇಳಿದಷ್ಟು ಶಕ್ತಿ ಎಲ್ಲೆಡೆ ಇದ್ದರೆ ಜಗತ್ತಿನ ಅಳತೆ ಎಷ್ಟಾಗುತ್ತದೆ ಎಂದು ಪೌಲಿ ಒಮ್ಮೆ ಲೆಕ್ಕ ಹಾಕಿ, ಚಂದ್ರನವರೆಗೂ ಮುಟ್ಟುವುದಿಲ್ಲ ಎಂದು ನಕ್ಕಿದ್ದರಂತೆ. 1998ರಲ್ಲಿ ದೂರದ ಸೂಪರ್‌ನೋವಾಗಳನ್ನು ನೋಡಿ, ಜಗತ್ತು ಹಿಗ್ಗುವ ವೇಗ ಹೆಚ್ಚುತ್ತಿದೆ ಎಂದು ಎರಡು ತಂಡಗಳು ಕಂಡುಕೊಂಡವು. ಅದಕ್ಕೆ ಖಾಲಿ ಜಾಗದ ಶಕ್ತಿಯೇ ಕಾರಣ ಎಂದಿಟ್ಟುಕೊಂಡರೆ, ಒಂದು ಘನ ಮೀಟರಿಗೆ ಮೂರು-ನಾಲ್ಕು ಹೈಡ್ರೋಜನ್ ಪರಮಾಣುಗಳಷ್ಟು ಬೇಕು. ಅಷ್ಟೇ. ಕ್ಷೇತ್ರ ಸಿದ್ಧಾಂತದ ಅರ್ಧಗಳನ್ನೆಲ್ಲ ಪ್ಲಾಂಕ್ ಅಳತೆಯವರೆಗೆ (ಈಗಿನ ಸಿದ್ಧಾಂತಗಳು ಮುಟ್ಟಬಹುದಾದ ಅತಿ ಸಣ್ಣ ಅಳತೆ) ಕೂಡಿಸಿದರೆ ಬರುವುದು ಅದಕ್ಕಿಂತ ಸುಮಾರು 120 ಸೊನ್ನೆಗಳಷ್ಟು ದೊಡ್ಡದು.

ಮತ್ತೆ, ಆ ಕೂಡಿಕೆಯಲ್ಲಿ ಎಲೆಕ್ಟ್ರಾನ್ ಜಾತಿಯ ಕಣಗಳ ಅರ್ಧ ಋಣ ಚಿಹ್ನೆಯೊಂದಿಗೆ ಬರುತ್ತದೆ. ಅದು ಎಲ್ಲಿಂದ ಬಂತು ಗೊತ್ತಾ? ನಿಮ್ಮ ಡಿರಾಕ್ ಸಮುದ್ರವೇ ಅದು. ವೇಷ ಬದಲಿಸಿ ಅದೇ ಲೆಕ್ಕದೊಳಗೆ ಕೂತಿದೆ. ಧನ ಮತ್ತು ಋಣ ಅರ್ಧಗಳು ಒಂದನ್ನೊಂದು ಹೊಡೆದುಹಾಕಲಿ ಎಂದು ಸೂಪರ್‌ಸಿಮೆಟ್ರಿ ಮೇಲೆ, ಅಂದರೆ ಪ್ರತಿ ಕಣಕ್ಕೂ ಎದುರು ಜಾತಿಯ ಜೋಡಿ ಇದೆ ಎನ್ನುವ ಸಿದ್ಧಾಂತದ ಮೇಲೆ, ಆಸೆ ಇಟ್ಟವರಿದ್ದಾರೆ. ಅದಕ್ಕೆ ಬೇಕಾದ ಜೋಡಿ ಕಣಗಳು ಕಣಗಳನ್ನು ಡಿಕ್ಕಿ ಹೊಡೆಸುವ ಜಿನೀವಾದ ದೊಡ್ಡ ಯಂತ್ರದಲ್ಲಿ ಇನ್ನೂ ಸಿಕ್ಕಿಲ್ಲ.

ಮಗಳು ಮುಂದಿನ ಸಲ ಊರಿಗೆ ಬಂದಾಗ ಒಂದು ಕೇಳಿ. ಅವಳ ಪುಸ್ತಕದಲ್ಲಿ 'ನಾರ್ಮಲ್ ಆರ್ಡರಿಂಗ್' ಎಂಬ ಒಂದು ಸಾಲಿನ ಕೈಚಳಕ ಇರುತ್ತದೆ. ಆ ಅರ್ಧಗಳನ್ನೆಲ್ಲ ಅಲ್ಲಿ ಒಂದೇ ಏಟಿಗೆ ಅಳಿಸಿಹಾಕುತ್ತಾರೆ. ಗುರುತ್ವ ಇಲ್ಲದಾಗ ಅದಕ್ಕೆ ಯಾರ ತಕರಾರೂ ಇಲ್ಲ. ಗುರುತ್ವ ಇರುವಾಗ ಹಾಗೆ ಅಳಿಸಲು ಅನುಮತಿ ಕೊಟ್ಟವರು ಯಾರು ಅಂತ ಕೇಳಿ. ಅವಳು ಏನು ಹೇಳುತ್ತಾಳೋ ನನಗೂ ಬರೆದು ಕಳಿಸಿ.